ಬೂಷ್ಟು ಹಿಡಿದ ಕಡ್ಲೆಕಾಯಿ ಹುರಿದರೆ ಸರಿ ಹೋಗುತ್ತಾ?

ಮಧುಗಿರಿಯಿಂದ ಪ್ರಶ್ನೆ: ಊರಿಂದ ಬಂದ ಕಡ್ಲೆಕಾಯಿ ಮೂಟೆ ಮಳೇಲಿ ನೆನೆದು ಬೂಷ್ಟು ಹಿಡಿದಿದೆ. ಬಿಸಿಲಿಗೆ ಹಾಕಿ, ಹುರಿದು ಚಟ್ನಿಪುಡಿ ಮಾಡೋಣ ಅಂತಾರೆ ಅತ್ತೆ. ಮಾವನಿಗೆ ಹೆಪಟೈಟಿಸ್ ಬಿ ಇದೆ, ಮನೇಲಿ ಪುಟ್ಟ ಮಗು ಇದೆ. ಗೊತ್ತಿದ್ದವರು ಹೇಳಿ.

ಪಾವಗಡದ ರೈತ: ಬೇಡಮ್ಮ. ಹುರಿದರೆ ಬೂಷ್ಟು ಸಾಯುತ್ತೆ, ಅದು ಬಿಟ್ಟ ಅಫ್ಲಾಟಾಕ್ಸಿನ್ ವಿಷ ಪೂರ್ತಿ ಹೋಗಲ್ಲ. ತೊಳೆದರೂ ಅಷ್ಟೆ. ನಮ್ಮ ಸೀಮೆಯಲ್ಲಿ ಕಾಯಿ ಬಲಿಯೋ ಹೊತ್ತಿಗೆ ಮಳೆ ಕೈಕೊಟ್ಟರೆ ಈ ಶಿಲೀಂಧ್ರ ಮಣ್ಣಲ್ಲೇ ಕಾಯಿಗೆ ಹತ್ತುತ್ತೆ. ಕಿತ್ತ ಮೇಲೆ ನೆನೆದರಂತೂ ಮುಗೀತು. ಅದಕ್ಕೇ ಗಿಡ ಕಿತ್ತ ತಕ್ಷಣ ಕಾಯಿ ಮೇಲೆ ಬರೋ ಹಾಗೆ ಮಗುಚಿ ಒಣಗಿಸ್ತೀವಿ. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಆಮೇಲೂ ಮೂಟೆ ನೆಲಕ್ಕೆ, ಗೋಡೆಗೆ ತಾಗದ ಹಾಗೆ ಹಲಗೆ ಮೇಲಿಡಬೇಕು. ಸುಕ್ಕಿದ್ದು, ಬಣ್ಣ ತಿರುಗಿದ್ದು, ಮೇಲೆ ಹಳದಿ ಹಸಿರು ಪುಡಿ ಕೂತಿದ್ದು ಎಲ್ಲಾ ಆರಿಸಿ ಎಸೀರಿ ಅಂತ ಬೇರೆಯವರಿಗಾದರೆ ಹೇಳ್ತಿದ್ದೆ. ಆದರೆ ಹೊರಗೆ ಚೆನ್ನಾಗಿ ಕಾಣೋ ಬೀಜ ಇಬ್ಭಾಗ ಮಾಡಿ ನೋಡಿ, ಎರಡು ಬೇಳೆಗಳ ಸಂದೀಲೂ ಬೂಷ್ಟು ಇರುತ್ತೆ. ನಿಮ್ಮನೆ ಪರಿಸ್ಥಿತಿಗೆ ಇಡೀ ಮೂಟೆ ಬಿಟ್ಟುಬಿಡಿ.

ತುಮಕೂರಿನ ನರ್ಸ್: ಮಾವನ ವಿಷಯಕ್ಕೆ ಹೇಳ್ತೀನಿ. ಈ ವಿಷವನ್ನ ಕರಗಿಸೋಕೆ ಹೋಗಿ ಲಿವರೇ ಅದನ್ನ ಇನ್ನೂ ಕೆಟ್ಟ ರೂಪಕ್ಕೆ ತಿರುಗಿಸುತ್ತೆ. ಅದು ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು, ಕ್ಯಾನ್ಸರ್ ತಡೆಯೋ ಪಿ53 ಜೀನ್‌ನೇ ಕೆಡಿಸುತ್ತೆ. ಹೆಪಟೈಟಿಸ್ ಬಿ ಇದ್ದವರಿಗೆ ಲಿವರ್ ಕ್ಯಾನ್ಸರ್ ಅಪಾಯ ಹಲವು ಪಟ್ಟು ಏರುತ್ತೆ. ಅಪರೂಪಕ್ಕೆ ಸ್ವಲ್ಪ ತಿಂದರೆ ಏನೂ ಗೊತ್ತಾಗಲ್ಲ, ವರ್ಷಗಟ್ಟಲೆ ತಿಂದಾಗ ಒಳಗೊಳಗೇ ಕೆಲಸ ಮಾಡುತ್ತೆ. ಒಮ್ಮೆಗೇ ಜಾಸ್ತಿ ಹೋದರೆ ಕಾಮಾಲೆ, ಹೊಟ್ಟೆ ಊದೋದು: 1974ರಲ್ಲಿ ರಾಜಸ್ಥಾನ, ಗುಜರಾತ್‌ನಲ್ಲಿ ಮಳೇಲಿ ಕೆಟ್ಟ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಸೋಂಕಿನ ಜೊತೆ ಹೋರಾಡೋ ಬಿಳಿ ರಕ್ತಕಣಗಳ ಶಕ್ತಿಯನ್ನೂ ಇದು ಕುಗ್ಗಿಸುತ್ತೆ. ಹಾಗಾಗಿ ಮಗುವಿಗೆ ಒಂದು ಚಮಚ ಪುಡಿಯೂ ಬೇಡ. ಮಾವನಿಗೆ ಲಿವರ್ ತಪಾಸಣೆ ತಪ್ಪಿಸಬೇಡಿ. ಉಳಿದವರು ರಕ್ತ ಪರೀಕ್ಷೆ ಮಾಡಿಸಿ, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿಲ್ಲದಿದ್ದರೆ ಹಾಕಿಸಿಕೊಳ್ಳಿ.

ಶ್ರೀನಿವಾಸಪುರದಿಂದ, ಡೇರಿಗೆ ಹಾಲು ಹಾಕುವವರು: ದಯವಿಟ್ಟು ಹಸುವಿಗೂ ಹಾಕಬೇಡಿ. ಜನ ಮಾಡೋದೇ ಇದು, ನೋಡಿದರೆ ಸಂಕಟ ಆಗುತ್ತೆ. ಹಸು ತಿಂದದ್ದು ಒಂದೆರಡು ದಿನದೊಳಗೆ ಎಂ1 ಅನ್ನೋ ರೂಪದಲ್ಲಿ ಹಾಲಿಗೆ ಬರುತ್ತೆ, ಕಾಯಿಸಿದರೂ ಹೋಗಲ್ಲ. ಕಾನೂನು ಪ್ರಕಾರ ಕೆಜಿ ಹಾಲಲ್ಲಿ 0.5 ಮೈಕ್ರೋಗ್ರಾಂ ದಾಟಬಾರದು. ಆ ಹಾಲು ಕುಡಿಯೋದೂ ಮಕ್ಕಳೇ ತಾನೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಂಡಿ ತೆಗೆದು ಹೂತುಬಿಡಿ.

ತಿಪಟೂರಿನಿಂದ: ಬೂಷ್ಟು ಬಂದ ಕೊಬ್ಬರಿಗೂ ಇದೇ ಮಾತು. ಕೆಟ್ಟ ಬೀಜವನ್ನ ಗಾಣಕ್ಕಾದರೂ ಕೊಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಷದ ಬಹುಪಾಲು ಹಿಂಡಿಗೆ ಹೋಗುತ್ತೆ, ಅದನ್ನ ತಿನ್ನೋದು ಮತ್ತೆ ಹಸುವೇ. ರಿಫೈನ್ ಮಾಡದ ಎಣ್ಣೇಲೂ ಒಂದಿಷ್ಟು ಉಳಿದಿರುತ್ತೆ.