14 ಸೆಂಟಿಮೀಟರ್ ಜಾಗವಿದ್ದರೂ ಜೀಪಿನ ಟೆಂಟ್ ಶಟರಿಗೆ ಬಡಿಯುತ್ತಿದೆ

ಬೆಟ್ಟದ_ದಾರಿ: ಇದು ಎರಡನೆಯ ಸಲ. ಜೀಪಿನ ಕ್ಯಾರಿಯರ್ ಮೇಲೆ ಗಟ್ಟಿ ಕವಚದ ಮಡಚುವ ಟೆಂಟ್ ಕೂರಿಸಿದ್ದೇನೆ. ನೆಲದಿಂದ ಟೆಂಟಿನ ನೆತ್ತಿಗೆ 230 ಸೆಂ.ಮೀ. ಕಾರ್ ಶೆಡ್ಡಿನ ರೋಲಿಂಗ್ ಶಟರ್ 8 ಅಡಿ, ಅಂದರೆ 244. ಹದಿನಾಲ್ಕು ಸೆಂಟಿಮೀಟರ್ ಅಂತರವಿದೆ. ಆದರೂ ನಿನ್ನೆ ಸಕಲೇಶಪುರದಿಂದ ಬಂದು ಒಳಗೆ ಬಿಡುವಾಗ ಶಟರಿನ ಕೆಳಪಟ್ಟಿ ಟೆಂಟನ್ನು ಉಜ್ಜಿ ಕವಚ ಸೀಳಿತು. ಹೋಗುವಾಗ ಏನೂ ಆಗಿರಲಿಲ್ಲ! ಎರಡು ವರ್ಷ ದುಡ್ಡು ಕೂಡಿಟ್ಟು ಕೊಂಡ ಟೆಂಟ್ ಇದು. ಕಾರಣ ಏನೆಂದು ಯಾರಾದರೂ ಹೇಳಿ.

ಶಟರ್_ಮೇಸ್ತ್ರಿ: ಮೋಟಾರ್ ಶಟರ್ ತಾನೆ? ಮೋಟಾರ್ ಎಲ್ಲಿ ನಿಲ್ಲಬೇಕೆಂದು ತೋರಿಸುವ ಲಿಮಿಟ್ ಸ್ವಿಚ್ ಜಾರಿದೆ. ಶಟರ್ ಪೂರ್ತಿ ಮೇಲೇರುವ ಮೊದಲೇ ಮೋಟಾರ್ ನಿಲ್ಲುತ್ತಿದೆ. ಹದಿನೈದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಹತ್ತರಲ್ಲಿ ಎಂಟು ಮನೆಯಲ್ಲಿ ಇದೇ ಕಥೆ.

ಬೆಟ್ಟದ_ದಾರಿ: ಸೈಡ್ ಮೋಟಾರ್. ಐದು ಸಲ ಏರಿಸಿ ಇಳಿಸಿ, ಪ್ರತಿ ಸಲವೂ ಎರಡೂ ತುದಿಯಲ್ಲಿ ಟೇಪು ಹಿಡಿದು ನೋಡಿದೆ. 243, 243, 244, 243, 243.

ಶಟರ್_ಮೇಸ್ತ್ರಿ: ಬೆಳಿಗ್ಗೆ ಅಳೆದಿರಿ. ಸಂಜೆ ವೋಲ್ಟೇಜ್ ಇಳಿದಾಗ ಅಳೆಯಿರಿ.

ತೋಟದ_ಮನೆ: ವೋಲ್ಟೇಜ್ ಇಳಿದರೆ ಮೋಟಾರ್ ನಿಧಾನವಾಗುತ್ತದೆ ಅಥವಾ ಏರುವುದೇ ಇಲ್ಲ. ಲಿಮಿಟ್ ಸ್ವಿಚ್ ಶಾಫ್ಟಿನ ಸುತ್ತು ಎಣಿಸುತ್ತದೆ, ವೋಲ್ಟೇಜನ್ನಲ್ಲ. ಅಂದಹಾಗೆ ಎಂಟು ಅಡಿ ಬಾಗಿಲು ಇಟ್ಟಿದ್ದೇ ತಪ್ಪು. ನಮ್ಮ ತೋಟದ ಶೆಡ್ಡಿಗೆ 12 ಅಡಿ ಇಟ್ಟಿದ್ದೇನೆ. ಟ್ರ್ಯಾಕ್ಟರಿನ ಹಿಂದಿನ ರಕ್ಷಣಾ ಕಮಾನು ನೆಟ್ಟಗೆ ನಿಂತಿದ್ದರೂ, ಮೇಲೆ ಸಿಂಪರಣೆ ಡ್ರಮ್ ಇದ್ದರೂ ಸಲೀಸಾಗಿ ಒಳಗೆ ಬರುತ್ತದೆ. ಒಳಗೆ ಎರಡು ಟನ್ನಿನ ಚೈನ್ ಬ್ಲಾಕ್ ಇದೆ, ಸೋಲಾರ್ ದೀಪ ಇದೆ, ನೆಲಕ್ಕೆ ಕಡಪ ಕಲ್ಲು. ಚಿತ್ರ ಹಾಕುತ್ತೇನೆ.

ಬೆಟ್ಟದ_ದಾರಿ: ಮೈಸೂರಿನ 30×40 ನಿವೇಶನದಲ್ಲಿ 12 ಅಡಿ ಬಾಗಿಲು ಎಲ್ಲಿಂದ ತರಲಿ? ನನ್ನ ಪ್ರಶ್ನೆಗೆ ಉತ್ತರ ಬೇಕು.

ಮರಳು_ಹಾದಿ: ಟೈರಿನ ಗಾಳಿ ಇಳಿಸಿ. ಒಂದೆರಡು ಸೆಂಟಿಮೀಟರ್ ಸಿಗುತ್ತದೆ. ನಾನು ಮರಳಿನಲ್ಲಿ 18 ಪಿಎಸ್‌ಐಗೆ ಇಳಿಸಿ ಓಡಿಸುತ್ತೇನೆ.

ತೋಟದ_ಮನೆ: ದಿನಾ ಮನೆಗೆ ಬಂದಾಗ ಗಾಳಿ ಇಳಿಸಿ, ಹೊರಡುವಾಗ ತುಂಬಿಸುವುದೇ? ಮರೆತು ಹಾಗೆಯೇ ಹೆದ್ದಾರಿಗೆ ಇಳಿದರೆ ಟೈರು ಕಾದು ಸಿಡಿಯುತ್ತದೆ.

ಮರಳು_ಹಾದಿ: ಜೀಪಿನಲ್ಲೇ ಕಂಪ್ರೆಸರ್ ಇಟ್ಟುಕೊಂಡವರಿಗೆ ಅದು ನಾಲ್ಕು ನಿಮಿಷದ ಕೆಲಸ. ಅನುಭವ ಇಲ್ಲದವರು ಮಾತನಾಡಬಾರದು.

ಶಟರ್_ಮೇಸ್ತ್ರಿ: ಮೋಟಾರಿನ ಮಾದರಿ ಯಾವುದೆಂದು ಇನ್ನೂ ಹೇಳಿಲ್ಲ.

ಅಳತೆಗೋಲು: ಗೀರು ಟೆಂಟಿನ ಯಾವ ಭಾಗದಲ್ಲಿದೆ? ಮುಂದಿನ ಅಂಚಿನಲ್ಲೋ, ನಡುವೆಯೋ?

ಬೆಟ್ಟದ_ದಾರಿ: ಮುಂದಿನ ಅಂಚಿಗೆ ಏನೂ ಆಗಿಲ್ಲ ಸರ್. ನಡುವಿನಿಂದ ಸ್ವಲ್ಪ ಹಿಂದೆ ಶುರುವಾಗಿದೆ.

ಅಳತೆಗೋಲು: ಹಾಗಾದರೆ ಶಟರ್ ಕೆಳಗಿಳಿದು ನಿಂತಿರಲಿಲ್ಲ. ಇಳಿದಿದ್ದರೆ ಮೊದಲ ಏಟು ಮುಂದಿನ ಅಂಚಿಗೇ ಬೀಳಬೇಕಿತ್ತು. ಅರ್ಧ ಟೆಂಟ್ ಒಳಗೆ ಹೋದ ಮೇಲೆ ತಗುಲಿದೆ ಎಂದರೆ ಜೀಪೇ ನಡುವೆ ಮೇಲೆದ್ದಿದೆ. ನಿಮ್ಮ ಶೆಡ್ಡಿನ ನೆಲ ರಸ್ತೆಗಿಂತ ತಗ್ಗಿನಲ್ಲಿದೆಯೇ?

ಬೆಟ್ಟದ_ದಾರಿ: ಹೌದು. ಅದರಲ್ಲಿ ಹೇಳುವುದೇನಿದೆ ಎಂದುಕೊಂಡು ಬರೆಯಲಿಲ್ಲ. ಹಳೆಯ ಡಾಂಬರು ಕೆರೆಯದೆ ಅದರ ಮೇಲೇ ಮತ್ತೆ ಮತ್ತೆ ಹಾಕಿ ರಸ್ತೆ ಏರಿದೆ. ಈಗ ರಸ್ತೆಯಿಂದ ಶೆಡ್ಡಿನ ನೆಲ 40 ಸೆಂ.ಮೀ. ಕೆಳಗೆ. ಹೋದ ತಿಂಗಳು ಬಾಗಿಲಿನಿಂದ ರಸ್ತೆಯವರೆಗಿನ ಎರಡು ಮೀಟರಿನಲ್ಲಿ ಹೊಸ ಕಾಂಕ್ರೀಟ್ ಇಳಿಜಾರು ಮಾಡಿಸಿದೆ. ಮೊದಲು ಬಡಿದದ್ದು ಅದಾದ ವಾರಕ್ಕೇ.

ಅಳತೆಗೋಲು: ಅಲ್ಲಿಯೇ ಇದೆ ಕಾರಣ. ಎರಡು ಮೀಟರಿಗೆ 40 ಸೆಂ.ಮೀ. ಎಂದರೆ ಐದಕ್ಕೆ ಒಂದು ಇಳಿಜಾರು. ಮುಂದಿನ ಗಾಲಿ ಒಳಗಿನ ಸಮನೆಲದಲ್ಲಿ, ಹಿಂದಿನ ಗಾಲಿ ಇಳಿಜಾರಿನ ಮೇಲೆ ಇರುವಾಗ ಜೀಪು ತಗ್ಗಿನ ಮೇಲೆ ಹಾಸಿದ ಹಲಗೆಯಂತೆ ನಿಲ್ಲುತ್ತದೆ. ಹಲಗೆಯ ನಡುಭಾಗ ನೆಲದಿಂದ ಎದ್ದಿರುತ್ತದೆ, ಅದರ ನೇರ ಮೇಲೆಯೇ ನಿಮ್ಮ ಶಟರ್. ಈ ಏರಿಕೆ ಹೆಚ್ಚೆಂದರೆ ಎರಡು ಆಕ್ಸಲ್‌ಗಳ ನಡುವಿನ ದೂರವನ್ನು ಇಳಿಜಾರಿನಿಂದ ಗುಣಿಸಿ ನಾಲ್ಕರಿಂದ ಭಾಗಿಸಿದಷ್ಟು. ನಿಮ್ಮದು ಎಷ್ಟು ದೂರ?

ಬೆಟ್ಟದ_ದಾರಿ: 268 ಸೆಂ.ಮೀ.

ಅಳತೆಗೋಲು: 268ರ ಐದನೇ ಒಂದು ಭಾಗ 53.6. ಅದರ ಕಾಲು ಭಾಗ 13.4. ಜೀಪು ಮೂಗು ತಗ್ಗಿಸಿ ಓರೆಯಾಗಿರುವುದರಿಂದ ಇನ್ನೊಂದು ಸೆಂಟಿಮೀಟರ್ ಸೇರಿಸಿ. ನಿಮ್ಮ ಹದಿನಾಲ್ಕು ಅಲ್ಲಿಗೆ ಮುಗಿಯಿತು. ಇನ್ನೊಂದು ಪ್ರಶ್ನೆ: 230 ಅಳೆದಾಗ ಜೀಪಿನಲ್ಲಿ ಸಾಮಾನು ಇತ್ತೇ?

ಬೆಟ್ಟದ_ದಾರಿ: ಇತ್ತು. ಹೊರಡುವ ಹಿಂದಿನ ರಾತ್ರಿ ಎಲ್ಲವನ್ನೂ ತುಂಬಿ, ರಸ್ತೆಯ ಸಮತಟ್ಟಿನಲ್ಲಿ ನಿಲ್ಲಿಸಿ ಅಳೆದೆ. ನಿನ್ನೆ ಬಾಗಿಲಲ್ಲೇ ಎಲ್ಲ ಇಳಿಸಿ, ಹೆಂಡತಿ ಮಕ್ಕಳೂ ಇಳಿದ ಮೇಲೆ ಒಳಗೆ ಬಿಟ್ಟೆ.

ಅಳತೆಗೋಲು: ಹಿಂದೆ ಪಟ್ಟಾ ಸ್ಪ್ರಿಂಗ್ ಇರುವ ಗಾಡಿ ಭಾರ ಇಳಿದೊಡನೆ ಕೆಲವು ಸೆಂಟಿಮೀಟರ್ ಏಳುತ್ತದೆ. ಹೋಗುವಾಗ ಕೂದಲೆಳೆಯಲ್ಲಿ ಪಾರಾಗಿದ್ದೀರಿ, ಬರುವಾಗ ಆಗಲಿಲ್ಲ. ನಂಬಿಕೆ ಬಾರದಿದ್ದರೆ ಟೆಂಟ್ ಬಿಚ್ಚಿಟ್ಟು, ಕ್ಯಾರಿಯರ್‌ಗೆ ಅದೇ ಎತ್ತರಕ್ಕೆ ಥರ್ಮಾಕೋಲ್ ತುಂಡುಗಳನ್ನು ಕಟ್ಟಿ ಮೆಲ್ಲಗೆ ಒಳಗೆ ಬಿಡಿ. ಒಬ್ಬರು ಒಳಗೆ ನಿಂತು ನೋಡಲಿ.

ಶಟರ್_ಮೇಸ್ತ್ರಿ: ಲೆಕ್ಕ ಸರಿ ಇರಬಹುದು. ಆದರೂ ಲಿಮಿಟ್ ಸ್ವಿಚ್ ಒಮ್ಮೆ ನೋಡಿಸಿ.

ದೂರದೂರು: ನಾನಿರುವ ಟೆಕ್ಸಾಸಿನಲ್ಲಿ ಮನೆಗಳ ಗ್ಯಾರೇಜ್ ಬಾಗಿಲು ಸಾಮಾನ್ಯವಾಗಿ 7 ಅಡಿ, ಹೊಸ ಮನೆಗಳಲ್ಲಿ 8. ಇಲ್ಲಿನ ಇನ್ನೊಂದು ಅಪಾಯ ಹೇಳುತ್ತೇನೆ. 1993ರಿಂದ ತಯಾರಾದ ಮೋಟಾರುಗಳಲ್ಲಿ, ಅಡ್ಡ ಏನಾದರೂ ಬಂದರೆ ಬಾಗಿಲು ಹಿಂದೆ ಸರಿಯುವ ರಕ್ಷಣೆ ಕಡ್ಡಾಯ. ಆದರೆ ಬೆಳಕಿನ ಕಿರಣದ ಸೆನ್ಸರ್ ನೆಲದಿಂದ 6 ಅಂಗುಲದೊಳಗೆ ಇರುತ್ತದೆ. ಪಿಕಪ್ಪಿನ ಹಿಂದೆ ಚಾಚಿದ ಏಣಿಯನ್ನು ಅದು ಕಾಣುವುದಿಲ್ಲ. ಮೇಲೆ ಸೈಕಲ್ ಕಟ್ಟಿದ ದಿನ ನಾನು ರಿಮೋಟನ್ನು ಡಿಕ್ಕಿಯಲ್ಲಿ ಹಾಕುತ್ತೇನೆ. ಅದನ್ನು ತೆಗೆಯಲು ಇಳಿದಾಗ ಸೈಕಲ್ ಕಣ್ಣಿಗೆ ಬೀಳುತ್ತದೆ.

ಬೆಟ್ಟದ_ದಾರಿ: ಥರ್ಮಾಕೋಲ್ ಕಟ್ಟಿ ನೋಡಿದೆ. ಬೇರೆಯವರು ಯಾರೂ ಕೇಳದ ಪ್ರಶ್ನೆ ಕೇಳಿದಿರಿ ಅಳತೆಗೋಲು ಸರ್. ಖಾಲಿ ಜೀಪಿನಲ್ಲಿ ನಡುವಿನ ತುಂಡು ಪುಡಿಯಾಯಿತು. ಆರು ಮೂಟೆ ಮರಳು ಹೇರಿದಾಗ ಬರೀ ಗೀರು ಬಿತ್ತು. ಇಳಿಜಾರು ಮಾಡಿದ ಗುತ್ತಿಗೆದಾರರು ಈಗ ಶೆಡ್ಡಿನ ನೆಲವನ್ನು 10 ಸೆಂ.ಮೀ. ಎತ್ತರಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ.

ಅಳತೆಗೋಲು: ದಯವಿಟ್ಟು ಬೇಡ. ಇಳಿಜಾರು ಎರಡು ಮೀಟರಿಗೆ 30 ಆಗಿ ಏರಿಕೆ 10 ಸೆಂಟಿಮೀಟರಿಗೆ ಇಳಿಯುತ್ತದೆ, ನಿಜ. ಮೂರೂವರೆ ಉಳಿಯಿತು. ಆದರೆ ಬಾಗಿಲಿನಲ್ಲಿ ಪೂರ್ತಿ ಹತ್ತು ಕಳೆದುಕೊಳ್ಳುತ್ತೀರಿ. ಶಟರಿನ ಕೆಳಪಟ್ಟಿಗೂ ಮೇಲಿನ ಲಿಂಟಲ್‌ಗೂ ನಡುವೆ ಎಷ್ಟು ಜಾಗ ಇದೆ?

ಬೆಟ್ಟದ_ದಾರಿ: ಒಂಬತ್ತು ಸೆಂ.ಮೀ. ಕೆಳಪಟ್ಟಿ ಲಿಂಟಲ್‌ಗಿಂತ ಕೆಳಗೆ ನೇತಾಡುತ್ತದೆ.

ಶಟರ್_ಮೇಸ್ತ್ರಿ: ಹಾಗಾದರೆ ನನ್ನ ಕೆಲಸ ಬಂತು. ಲಿಮಿಟ್ ಬದಲಿಸಿ ಏಳೆಂಟು ಸೆಂಟಿಮೀಟರ್ ಮೇಲೆತ್ತಬಹುದು. ಆದರೆ ಕೆಳಪಟ್ಟಿ ಎರಡೂ ಬದಿಯ ಗೈಡ್ ಚಾನೆಲ್‌ನಿಂದ, ಅಂದರೆ ಶಟರ್ ಜಾರುವ ಗಾಡಿಯಿಂದ, ಹೊರಬರಬಾರದು. ಬಂದರೆ ಇಳಿಯುವಾಗ ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಯಾರ ತಲೆಯ ಮೇಲಾದರೂ ಬೀಳುತ್ತದೆ. ಮೊದಲು ಗೈಡ್ ಅಷ್ಟು ಉದ್ದ ಇದೆಯೇ ನೋಡಿ, ಎರಡೂ ಬದಿ ಸ್ಟಾಪರ್ ಬೆಸುಗೆ ಹಾಕಿಸಿ. ನೀವೇ ಕೈ ಹಾಕಬೇಡಿ.

ಬೆಟ್ಟದ_ದಾರಿ: ಶನಿವಾರ ಬರಲು ಇಲ್ಲಿನ ಶಟರ್ ಕೆಲಸದವರಿಗೆ ಹೇಳಿದ್ದೇನೆ. ಅಲ್ಲಿಯವರೆಗೆ ಜೀಪು ಬೀದಿಯಲ್ಲಿ, ಮೇಲೆ ತಾಡಪಾಲು.

ಮರಳು_ಹಾದಿ: ಟೈರಿನ ಗಾಳಿಯ ವಿಷಯಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ. ಅನುಭವ ಇರುವವರು ಬನ್ನಿ.

ಹೊಸಬ_27: ನನ್ನದೂ ಇದೇ ತೊಂದರೆ, ಆದರೆ ಶೆಡ್ ರಸ್ತೆಗಿಂತ ಎತ್ತರದಲ್ಲಿದೆ. ಹತ್ತಿ ಒಳಗೆ ಹೋಗುವಾಗ ಕ್ಯಾರಿಯರ್‌ನ ಮುಂದಿನ ತುದಿ ಲಿಂಟಲ್‌ಗೆ ಬಡಿಯುತ್ತದೆ. ಇದಕ್ಕೂ ನಾಲ್ಕರಿಂದಲೇ ಭಾಗಿಸಬೇಕೇ?