ಚಿತ್ರದುರ್ಗದ ಹಿಮಾಲಯನ್: ನಮ್ಮ ಮನೆ ಗುಂಪಿನಲ್ಲಿ ನಡೆದ ಚರ್ಚೆ

ನಾವು ದಾವಣಗೆರೆಯವರು. ನಮ್ಮ ಮನೆಯವರ ವಾಟ್ಸಾಪ್ ಗುಂಪಿನ ಹೆಸರು "ನಿಟುವಳ್ಳಿ ಮನೆ". ಒಂದು ಹಳೇ ಬೈಕಿನ ಜಾಹೀರಾತಿನಿಂದ ಶುರುವಾದ ಮಾತು ಐದು ದಿನ ನಡೆಯಿತು. ಅದನ್ನು ಹಾಗೇ ಇಲ್ಲಿ ಹಾಕುತ್ತಿದ್ದೇನೆ. ಮದುವೆ ಮಾತು, ನಲ್ಲಿ ನೀರು ಬಂತಾ ಅನ್ನೋ ಮಾತು ಮಾತ್ರ ತೆಗೆದಿದ್ದೇನೆ.

ಶುಕ್ರವಾರ ರಾತ್ರಿ

ಬೆಂಗಳೂರು ತಮ್ಮ: ಅಣ್ಣಾ, ಇದನ್ನು ನೋಡು. ನಿಮ್ಮ ಪಕ್ಕದ ದುರ್ಗದಲ್ಲೇ ಇದೆ. ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 411 ಸಿಸಿಯದ್ದು, 2021ರ ಏಪ್ರಿಲ್ ನೋಂದಣಿ, ಕೆಎ 16 ನಂಬರ್. ಒಬ್ಬರೇ ಓಡಿಸಿದ್ದು. 11,400 ಕಿಲೋಮೀಟರ್ ಆಗಿದೆ. 1.60 ಲಕ್ಷ ಹೇಳ್ತಿದ್ದಾರೆ.

ಅಕ್ಕ: ಸೆಕೆಂಡ್ ಹ್ಯಾಂಡಾ? ಇಷ್ಟು ವರ್ಷ ಕಾದು ಕೊನೆಗೆ ಇನ್ನೊಬ್ಬರು ಬಿಟ್ಟ ಗಾಡಿನಾ?

ಭಾವ: ನಾನೂ ಅದನ್ನೇ ಕೇಳಬೇಕು ಅಂತಿದ್ದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಅದೇ ಕಂಪನಿಯ ಹೊಸ ಮೀಟಿಯರ್ 350 ಶೋರೂಂ ಬೆಲೆ ಎರಡು ಲಕ್ಷದ ಆಸುಪಾಸು. ಇಂಥ ಹೊತ್ತಲ್ಲಿ ಹಳೇದಕ್ಕೆ ಯಾಕೆ ಹೋಗಬೇಕು?

ನಾನು: ಭಾವ, 350ಕ್ಕೆ ಇಳಿದದ್ದು ನಿಜ. ಆದರೆ ಅದಕ್ಕಿಂತ ದೊಡ್ಡ ಎಂಜಿನ್‌ಗೆ ಅವತ್ತೇ 40 ಪರ್ಸೆಂಟ್ ಆಯ್ತು. ಮೊದಲು ಸೆಸ್ ಸೇರಿ 31 ಇತ್ತು. ಹೊಸ ಹಿಮಾಲಯನ್ 450 ಮಾರುಕಟ್ಟೆಗೆ ಬಂದಿದ್ದು 2023ರ ನವೆಂಬರ್‌ನಲ್ಲಿ. ಆಗ 2.69 ಲಕ್ಷದಿಂದ ಶುರುವಾಗುತ್ತಿತ್ತು. ಈಗ ಶೋರೂಂ ಬೆಲೆಯೇ ಮೂರು ಲಕ್ಷ ದಾಟಿದೆ. ಅದರ ಮೇಲೆ ನಮ್ಮ ರಾಜ್ಯದಲ್ಲಿ ಲಕ್ಷಕ್ಕಿಂತ ಜಾಸ್ತಿ ಬೆಲೆಯ ಬೈಕ್‌ಗೆ 18 ಪರ್ಸೆಂಟ್ ರೋಡ್ ಟ್ಯಾಕ್ಸ್. ಬರೀ ಅದೇ 54 ಸಾವಿರದ ಮೇಲಾಯ್ತು. ದುರ್ಗದ ಗಾಡಿಗೆ ಆ ಟ್ಯಾಕ್ಸನ್ನು ಅವರು ಕಟ್ಟಿ ಮುಗಿಸಿದ್ದಾರೆ.

ಭಾವ: ನಾನು 450 ತಗೋ ಅಂದೆನಾ? 350 ತಗೋ ಅಂದೆ. ಅದರಲ್ಲೂ ಜನ ಲಡಾಖ್‌ಗೆ ಹೋಗಿ ಬರ್ತಾರೆ.

ನಾನು: ಹೋಗ್ತಾರೆ ಭಾವ. 350 ಒಳ್ಳೇ ಗಾಡಿ, ನಾನು ಬೇಡ ಅನ್ನೋದಿಲ್ಲ. ಆದರೆ ನನಗೆ ಹೈವೇ ಮೇಲೆ ಹುಬ್ಬಳ್ಳಿ ಕಡೆ ಹೋಗೋ ಆಸೆ ಇಲ್ಲ. ಹೊನ್ನಾಳಿ, ಶಿವಮೊಗ್ಗ, ಸಾಗರ ದಾಟಿದ ಮೇಲೆ ಸಿಗುವ ಘಟ್ಟದ ಸಣ್ಣ ದಾರಿಗಳಲ್ಲಿ ಓಡಾಡಬೇಕು. ಮಳೆಗಾಲ ಮುಗಿದ ಮೇಲೆ ಅಲ್ಲಿ ಟಾರು ಎಲ್ಲಿ ಮುಗಿಯುತ್ತೆ, ಗುಂಡಿ ಎಲ್ಲಿ ಶುರುವಾಗುತ್ತೆ ಗೊತ್ತಾಗೋದಿಲ್ಲ. 411ರ ಮುಂದಿನ ಚಕ್ರ 21 ಇಂಚು. ಕೆಳಗೆ 220 ಮಿಲಿಮೀಟರ್ ಜಾಗ ಇದೆ. ಗುಂಡಿಗೆ ಇಳಿದರೂ ಹೊಟ್ಟೆ ಉಜ್ಜೋದಿಲ್ಲ. ಸೀಟು 800 ಮಿಲಿಮೀಟರ್ ಎತ್ತರ, ನನಗೆ ಎರಡೂ ಕಾಲು ನೆಲಕ್ಕೆ ಸಿಗುತ್ತವೆ.

ನನ್ನ ಹೆಂಡತಿ: ಹಿಂದೆ ಕೂರೋಳು ನಾನು. ನನಗೂ ಅದೇ ಸರಿ ಅನಿಸ್ತು. ಹೋದ ಸಲ ಬಾಡಿಗೆ ಗಾಡಿಯಲ್ಲಿ ಜೋಗಕ್ಕೆ ಹೋಗಿ ಬಂದಾಗ ಮೂರು ದಿನ ಸೊಂಟ ನೋವು.

ಭಾವ: ಸರಿ. ಆದರೆ ಹೊಸದಕ್ಕೆ ವಾರಂಟಿ ಇರುತ್ತೆ. ಇದು ನಿಂತು ಹೋದ ಮಾಡೆಲ್. ನಾಳೆ ದಾರಿಯಲ್ಲಿ ಕೈಕೊಟ್ಟರೆ ಸ್ಪೇರ್ ಎಲ್ಲಿ ತರ್ತೀಯ?

ನಾನು: ವಾರಂಟಿ ಮಾತನ್ನು ಒಪ್ಪಿದೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸ್ಪೇರ್ ಬಗ್ಗೆ ವಿಚಾರಿಸಿದ್ದೇನೆ. 2016ರಿಂದ 2023ರವರೆಗೆ ಮಾರಿದ ಗಾಡಿ ಇದು. ಅದೇ ಕಂಪನಿಯ ಇನ್ನೊಂದು ಬೈಕ್ ಸ್ಕ್ರಾಮ್ 411ಕ್ಕೂ ಇದೇ ಎಂಜಿನ್. ಮಂಡಿಪೇಟೆ ಹತ್ತಿರದ ನಮ್ಮ ಮೆಕ್ಯಾನಿಕ್ ದಿನಾ ಬಿಚ್ಚಿ ಜೋಡಿಸೋ ಎಂಜಿನ್ ಅದು. ಇನ್ನೊಂದು ಮಾತು ಕೇಳಿ. ವಿಮೆ ಕಂಪನಿಯವರು ಗಾಡಿ ಬೆಲೆ ಕಟ್ಟೋ ಪಟ್ಟಿ ಒಂದಿದೆ. ಆರು ತಿಂಗಳು ದಾಟಿದರೆ 15 ಪರ್ಸೆಂಟ್ ಇಳಿಸುತ್ತಾರೆ. ಎರಡು ವರ್ಷ ದಾಟಿದರೆ 30, ನಾಲ್ಕು ದಾಟಿದರೆ 50. ಹೊಸದು ತಗೊಂಡರೆ ಆ ಇಳಿತ ಪೂರ್ತಿ ನನ್ನ ಜೇಬಿನದ್ದು. ಇದರಲ್ಲಿ ಜಾಸ್ತಿ ಭಾಗ ಆಗಲೇ ಇಳಿದು ಹೋಗಿದೆ. ಎರಡು ವರ್ಷ ಓಡಿಸಿ ಸಾಕು ಅನಿಸಿದರೂ ಕೈಗೆ ದುಡ್ಡು ಬರುತ್ತೆ.

ಅಮ್ಮ ಟೈಪ್ ಮಾಡೋದಿಲ್ಲ, ವಾಯ್ಸ್ ಕಳಿಸುತ್ತಾಳೆ. ಅವಳ ಮಾತು ಹೀಗಿತ್ತು: "ದುಡ್ಡಿನ ಲೆಕ್ಕ ನನಗೆ ಗೊತ್ತಾಗೋದಿಲ್ಲಪ್ಪ. ಒಂದೇ ಕೇಳ್ತೀನಿ. ಆ ಗಾಡಿ ಮೇಲೆ ಯಾರಿಗಾದ್ರೂ ಏನಾದ್ರೂ ಆಗಿದೆಯಾ? ಬಿದ್ದು ಎದ್ದ ಗಾಡಿ ಮನೆಗೆ ಬೇಡ. ನೀವು ಇಬ್ಬರೂ ಅದರ ಮೇಲೆ ಹೋಗೋರು."

ಆ ರಾತ್ರಿ ಅದಕ್ಕೆ ಉತ್ತರ ಬರೆಯಲಿಲ್ಲ. ನೋಡಿ ಬಂದು ಹೇಳುತ್ತೇನೆ ಅಂತಷ್ಟೇ ಹಾಕಿದೆ. ಅಮ್ಮನ ಪ್ರಶ್ನೆ ಸರಿಯಾಗೇ ಇತ್ತು.

ಭಾನುವಾರ ಮಧ್ಯಾಹ್ನ

ನಾನು: ಉದ್ದ ಇದೆ, ಎಲ್ಲರೂ ಓದಿ. ಮೆಕ್ಯಾನಿಕ್ ಜೊತೆ ಬೆಳಿಗ್ಗೆಯೇ ದುರ್ಗಕ್ಕೆ ಹೋಗಿದ್ದೆ. ನಾವು ಬರೋ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಕೇಳಿಕೊಂಡಿದ್ದೆ. ಬಿಸಿ ಎಂಜಿನ್ ಎಲ್ಲವನ್ನೂ ಮುಚ್ಚಿಡುತ್ತೆ. ಹೋದ ತಕ್ಷಣ ಎಂಜಿನ್ ಮೇಲೆ ಕೈ ಇಟ್ಟೆ, ಕಲ್ಲಿನ ಹಾಗೆ ತಣ್ಣಗಿತ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಹೊಗೆ ಇಲ್ಲ, ಕಟಕಟ ಸದ್ದಿಲ್ಲ.

ಅಮ್ಮಾ, ಈಗ ನಿನ್ನ ಪ್ರಶ್ನೆ. ಗಾಡಿ ಬಿದ್ದರೆ ಮೊದಲು ನೆಲಕ್ಕೆ ತಾಗೋದು ಹ್ಯಾಂಡಲ್ ತುದಿ, ಲಿವರ್ ತುದಿಯ ಗುಂಡು, ಫುಟ್‌ರೆಸ್ಟ್ ಅಂಚು. ಬಲಗಡೆ ಎಲ್ಲಾ ಶುದ್ಧವಾಗಿದೆ. ಎಡಗಡೆ ಕ್ಲಚ್ ಲಿವರ್ ಗುಂಡಿನಲ್ಲಿ ಅಕ್ಕಿಕಾಳಿನಷ್ಟು ಉಜ್ಜಿದ ಗುರುತು ಸಿಕ್ಕಿತು. ಹ್ಯಾಂಡಲ್ ತುದಿಯಲ್ಲೂ ಸ್ವಲ್ಪ ಇದೆ. ಕೇಳಿದೆ. ಅವರು ಮುಚ್ಚಿಡಲಿಲ್ಲ. ಜೋಗಿಮಟ್ಟಿಗೆ ಹೋದಾಗ ಸಡಿಲ ಮಣ್ಣಿನಲ್ಲಿ ಸೈಡ್ ಸ್ಟ್ಯಾಂಡ್ ಹೂತು, ನಿಂತ ಗಾಡಿ ಹಾಗೇ ಮಲಗಿತಂತೆ. ಅದಕ್ಕೆ ಮೆಕ್ಯಾನಿಕ್ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಅದು ಬಂದು ನಿಲ್ಲೋ ಜಾಗಕ್ಕೆ ಟಾರ್ಚ್ ಬಿಟ್ಟ. ಚಾಸಿಯಲ್ಲಿ ಅಲ್ಲಿ ಒಂದು ಸಣ್ಣ ಉಬ್ಬು ಇರುತ್ತೆ. ಓಡೋ ಗಾಡಿ ಜೋರಾಗಿ ಗುದ್ದಿದ್ದರೆ ಸಾಮಾನ್ಯವಾಗಿ ಅಲ್ಲಿ ಜಜ್ಜಿರುತ್ತೆ, ಬಣ್ಣ ಎದ್ದಿರುತ್ತೆ. ಎರಡೂ ಕಡೆ ಕಂಪನಿ ಬಣ್ಣ ಹಾಗೇ ಇದೆ. ನಾನೂ ಬಗ್ಗಿ ನೋಡಿದೆ, ಬೆರಳಲ್ಲಿ ಸವರಿದೆ. ಮುಂದಿನ ಫೋರ್ಕ್ ನೆಟ್ಟಗಿದೆ, ಸೀಲಿನಿಂದ ಆಯಿಲ್ ಜಿನುಗಿಲ್ಲ. ಚಾಸಿ ನಂಬರ್, ಎಂಜಿನ್ ನಂಬರ್ ಆರ್‌ಸಿಯಲ್ಲಿ ಇದ್ದ ಹಾಗೇ ಇವೆ.

ಸರಿ ಇಲ್ಲದ್ದನ್ನೂ ಹೇಳ್ತೀನಿ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಮೇಲೆತ್ತಿ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಿದರೆ, ನಟ್ಟನಡುವೆ ಸಣ್ಣಗೆ ಹಿಡಿಯುತ್ತೆ. ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗೋ ಜಾಗದ ಬೇರಿಂಗ್, ಹೋಗಿದೆ, ಬದಲಾಯಿಸಬೇಕು. ಟಯರ್ ನೋಡೋಕೆ ಹೊಸದರ ಹಾಗಿದೆ, ಗೆರೆ ಆಳವಾಗಿದೆ. ಆದರೆ ಪಕ್ಕದಲ್ಲಿ 0821 ಅಂತ ಇದೆ. ಅಂದರೆ 2021ರ ಎಂಟನೇ ವಾರದಲ್ಲಿ ಮಾಡಿದ ಟಯರ್. ಐದು ವರ್ಷದ ರಬ್ಬರು. ಉಗುರು ಒತ್ತಿದರೆ ಒಳಗೆ ಹೋಗೋದಿಲ್ಲ. ಒದ್ದೆ ರೋಡಿನಲ್ಲಿ ಅದನ್ನು ನಂಬೋಕಾಗಲ್ಲ. ಅಂಗಡಿಯಲ್ಲಿ ಕೇಳಿದೆ, ಎರಡಕ್ಕೂ ಸೇರಿ ಹತ್ತು ಸಾವಿರದ ಹತ್ತಿರ ಅಂದರು.

ಬೆಂಗಳೂರು ತಮ್ಮ: ಅಷ್ಟೇ ತಾನೇ ಅಣ್ಣಾ. ಬರೀ 11,400 ಕಿಲೋಮೀಟರ್. ಮೀಟರ್ ತಿರುಗಿಸಿಲ್ಲ ತಾನೇ?

ನಾನು: ಸರ್ವಿಸ್ ಬಿಲ್ಲುಗಳು ಇವೆ, ಪ್ರತಿಯೊಂದರಲ್ಲೂ ಕಿಲೋಮೀಟರ್ ಬರೆದಿದೆ. ಲೆಕ್ಕ ಕೂಡುತ್ತೆ. ಫುಟ್‌ರೆಸ್ಟ್ ರಬ್ಬರು, ಗ್ರಿಪ್ಪು ಸವೆದಿಲ್ಲ. ಕಡಿಮೆ ಓಡಿದ್ದೇ ಇದರ ದೊಡ್ಡ ಗುಣ.

ದೊಡ್ಡಪ್ಪ: ನಾನು ಅಲ್ಲಿ ಒಪ್ಪೋದಿಲ್ಲ. ಹತ್ತಿ ಮಿಲ್ಲಿನಲ್ಲಿ ಮೂವತ್ತು ವರ್ಷ ಯಂತ್ರಗಳ ಜೊತೆ ಕಳೆದವನು ನಾನು. ಓಡೋ ಯಂತ್ರ ಸವೆಯುತ್ತೆ, ನಿಂತ ಯಂತ್ರ ಕೆಡುತ್ತೆ. ಐದು ವರ್ಷಕ್ಕೆ 11 ಸಾವಿರ ಅಂದರೆ ತಿಂಗಳಿಗೆ ಇನ್ನೂರು ಕಿಲೋಮೀಟರ್. ಅಷ್ಟರಲ್ಲಿ ಎಷ್ಟು ವಾರ ಸುಮ್ನೆ ನಿಂತಿತ್ತೋ. ಬ್ರೇಕ್ ಆಯಿಲ್ ಯಾವ ಬಣ್ಣ ಇತ್ತು?

ನಾನು: ಚಹಾ ಬಣ್ಣ ಇತ್ತು ದೊಡ್ಡಪ್ಪ.

ದೊಡ್ಡಪ್ಪ: ನೋಡು. ಅದು ಗಾಳಿಯಲ್ಲಿರೋ ನೀರು ಹೀರುತ್ತೆ. ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ನೀರು ಸೇರಿದ ಆಯಿಲು ಘಟ್ಟ ಇಳಿಯುವಾಗ ಬ್ರೇಕ್ ಕಾದರೆ ಕುದಿಯುತ್ತೆ, ಬ್ರೇಕ್ ಹಿಡಿಯೋದಿಲ್ಲ. ನೀನು ಹೋಗೋದು ಘಟ್ಟಕ್ಕೆ. ಟ್ಯಾಂಕ್ ಮುಚ್ಚಳ ತೆಗೆದು ಒಳಗೆ ತುಕ್ಕು ನೋಡು. ಬ್ಯಾಟರಿ ಯಾವಾಗಿನದು ಕೇಳು. ಎಂಜಿನ್ ಆಯಿಲನ್ನು ಕಿಲೋಮೀಟರ್ ನೋಡಿ ಹಾಕಿಸಿದ್ದಾರಾ, ವರ್ಷಕ್ಕೊಮ್ಮೆ ಹಾಕಿಸಿದ್ದಾರಾ, ಬಿಲ್ಲಿನಲ್ಲಿ ತಾರೀಖು ನೋಡು.

ಅವರು ಹೇಳಿದ ಮೇಲೆ ಬಿಲ್ಲುಗಳ ಫೋಟೋ ಮತ್ತೆ ತೆಗೆದೆ. ನಾನು ಬರೀ ಕಿಲೋಮೀಟರ್ ನೋಡಿದ್ದೆ. ತಾರೀಖು ನೋಡಿದರೆ ಎರಡು ಬಿಲ್ಲಿನ ನಡುವೆ ಹತ್ತೊಂಬತ್ತು ತಿಂಗಳ ಅಂತರ ಇತ್ತು. ಗಾಡಿ ಕೆಟ್ಟದ್ದು ಅಂತ ಇದರರ್ಥ ಅಲ್ಲ. ಆದರೆ ಬೆಲೆ ಮಾತಾಡುವಾಗ ನಾನು ತಪ್ಪು ತೂಕ ಹಿಡಿದಿದ್ದೆ. ಕಡಿಮೆ ಓಡಿದ ಗಾಡಿಗೆ ಜಾಸ್ತಿ ಕೊಡೋಕೆ ತಯಾರಾಗಿದ್ದೆ. ಫೋನ್ ಮಾಡಿ ಮಾಲೀಕರಿಗೆ ಎಲ್ಲಾ ಬಿಡಿಸಿ ಹೇಳಿದೆ. ಟಯರು, ಕೋನ್ ಸೆಟ್, ಬ್ರೇಕ್ ಆಯಿಲು, ಬ್ಯಾಟರಿ. ಅವರು ಒಂದು ದಿನ ಯೋಚಿಸಿ 1.42ಕ್ಕೆ ಒಪ್ಪಿದರು.

ಸೋಮವಾರ ರಾತ್ರಿ

ಹರಿಹರ ಚಿಕ್ಕಪ್ಪ: ಗಾಡಿ ನೋಡಿದ್ದು ಆಯ್ತು. ಕಾಗದ ನೋಡಿದಿರಾ ಯಾರಾದರೂ? ಇಷ್ಟು ದಿನ ಸುಮ್ಮನಿದ್ದೆ, ಈಗ ಹೇಳ್ತೀನಿ. 2014ರಲ್ಲಿ ನನ್ನ ಹಳೇ ಬೈಕ್ ಮಾರಿದೆ. ತಗೊಂಡವನು "ಸಹಿ ಹಾಕಿ ಕೊಡಿ ಸಾರ್, ಮುಂದಿನ ವಾರ ಹೆಸರು ಬದಲಾಯಿಸಿಕೊಳ್ತೀನಿ" ಅಂದ. ಹೆಸರು ಬದಲಾವಣೆಗೆ ಆರ್‌ಟಿಓಗೆ ಕೊಡೋ ಫಾರಂ 29, ಫಾರಂ 30, ಎರಡಕ್ಕೂ ಖಾಲಿ ಸಹಿ ಹಾಕಿದೆ. ತಾರೀಖೂ ಬರೆಯಲಿಲ್ಲ. ನಾಲ್ಕು ವರ್ಷ ಆದ ಮೇಲೆ ಕೋರ್ಟಿನಿಂದ ಸಮನ್ಸ್ ಬಂತು. ಆ ಬೈಕ್ ಒಬ್ಬ ಪಾದಚಾರಿಗೆ ಹೊಡೆದಿತ್ತು. ಆರ್‌ಸಿಯಲ್ಲಿ ಇನ್ನೂ ನನ್ನ ಹೆಸರೇ. ವಿಮೆ ಇರಲಿಲ್ಲ. ನಿಮ್ಮ ಚಿಕ್ಕಮ್ಮ ಎಷ್ಟು ರಾತ್ರಿ ನಿದ್ದೆ ಬಿಟ್ಟಳು ಅಂತ ನಿಮಗ್ಯಾರಿಗೂ ಗೊತ್ತಿಲ್ಲ. ಹಳೇ ಗಾಡಿ ಅಂದರೆ ನನಗೆ ಅದೇ ನೆನಪಾಗೋದು. ಬೇಡ ಮಗಾ.

ಅಕ್ಕ: ಚಿಕ್ಕಪ್ಪಾ, ಇದು ನಮಗೆ ಹೇಳಲೇ ಇಲ್ಲ ನೀವು.

ನಾನು: ಚಿಕ್ಕಪ್ಪಾ, ನಿಮಗೆ ಆಗಿದ್ದು ಅನ್ಯಾಯ. ಕಾನೂನು ಈಗಲೂ ಹಾಗೇ ಇದೆ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿತು. ಗಾಡಿ ಕೈಗೆ ಕೈ ಬದಲಾಗಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರ ಅವರ ಮೇಲೇ ಬರುತ್ತೆ. ಮಾರಿದವರು 14 ದಿನದ ಒಳಗೆ ಆರ್‌ಟಿಓಗೆ ತಿಳಿಸಬೇಕು, ತಗೊಂಡವರು 30 ದಿನದ ಒಳಗೆ. ವಿಮೆಯನ್ನೂ 14 ದಿನದಲ್ಲಿ ನನ್ನ ಹೆಸರಿಗೆ ಮಾಡಿಸಬೇಕು. ನಿಮಗೆ ಮೋಸ ಮಾಡಿದವನ ಜಾಗದಲ್ಲಿ ಈಗ ನಾನು ನಿಂತಿದ್ದೇನೆ. ದುರ್ಗದ ಆ ಮನೆಯಲ್ಲೂ ಒಬ್ಬ ಚಿಕ್ಕಮ್ಮ ಇರ್ತಾರೆ ಅಲ್ವಾ. ಅವರ ನಿದ್ದೆ ನಾನು ಕೆಡಿಸೋದಿಲ್ಲ.

ಹರಿಹರ ಚಿಕ್ಕಪ್ಪ: ಮಾತು ಚೆನ್ನಾಗಿದೆ. ಸಾಲ ಇದೆಯಾ ಆ ಗಾಡಿ ಮೇಲೆ?

ನಾನು: ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಿದೆ. ಬ್ಯಾಂಕಿನ ಹೆಸರು ಇನ್ನೂ ಇದೆ. ಸಾಲ ತೀರಿ ಎರಡು ವರ್ಷ ಆಯ್ತು, ತೆಗೆಸೋಕೆ ಮರೆತೆ ಅಂತಾರೆ ಅವರು. ದಂಡದ ಚಲನ್ ಯಾವುದೂ ಬಾಕಿ ಇಲ್ಲ.

ಹರಿಹರ ಚಿಕ್ಕಪ್ಪ: ಸಾಲ ತೀರಿದೆ ಅಂತ ಬ್ಯಾಂಕ್ ಕೊಡೋ ಎನ್‌ಓಸಿ, ಬ್ಯಾಂಕಿನ ಹೆಸರು ತೆಗೆಸೋ ಫಾರಂ 35. ಎರಡೂ ಕೊಟ್ಟು ಆ ಹೆಸರು ತೆಗೆಸಲಿ. ಅದು ಆಗೋ ತನಕ ಒಂದು ರೂಪಾಯಿ ಕೊಡಬೇಡ.

ನಾನು: ಐದು ಸಾವಿರ ಟೋಕನ್ ಕೊಟ್ಟಿದ್ದೇನೆ, ರಸೀದಿ ಬರೆಸಿಕೊಂಡು. ಉಳಿದದ್ದು ಅದಾದ ಮೇಲೆ, ಬ್ಯಾಂಕಿನಿಂದ ಬ್ಯಾಂಕಿಗೆ.

ಭಾವ: ಥರ್ಡ್ ಪಾರ್ಟಿ ವಿಮೆ?

ನಾನು: ಹೊಸದರಲ್ಲಿ ಕಟ್ಟಿದ ಐದು ವರ್ಷದ್ದು, ಈ ಏಪ್ರಿಲ್‌ಗೆ ಮುಗಿಯುತ್ತೆ. ಅವರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೇ ಇದ್ದದ್ದಕ್ಕೆ ವಿಮೆಯಲ್ಲಿ ಸಿಗೋ ರಿಯಾಯಿತಿ, ನನಗೆ ಬರೋದಿಲ್ಲ, ಅದು ಗಾಡಿಗಲ್ಲ, ಆ ವ್ಯಕ್ತಿಗೆ ಸೇರಿದ್ದು. ಅದನ್ನೂ ಲೆಕ್ಕದಲ್ಲಿ ಹಿಡಿದಿದ್ದೇನೆ. ಟಯರು, ರಿಪೇರಿ, ವಿಮೆ, ಹೆಸರು ಬದಲಾವಣೆ ಎಲ್ಲಾ ಸೇರಿ 1.70 ಲಕ್ಷದ ಒಳಗೆ ಮುಗಿಯುತ್ತೆ.

ಭಾವ: ಎರಡು ಲಕ್ಷದ 350ಕ್ಕೂ ಟ್ಯಾಕ್ಸೇ 36 ಸಾವಿರ ಬರುತ್ತೆ, ಈಗ ಲೆಕ್ಕ ಹಾಕಿದೆ. ನನ್ನ ಮನಸ್ಸು ಈಗಲೂ ಹೊಸದಕ್ಕೇ. ಆದರೆ ನೀನು ನೋಡಿರೋ ರೀತಿ ಸರಿ ಇದೆ. ಹೊಸ ಗಾಡಿ ತಗೊಂಡಾಗ ನಾನು ಇಷ್ಟು ನೋಡಿರಲಿಲ್ಲ.

ಮಂಗಳವಾರ ಸಂಜೆ

ನಾನು: ಬ್ಯಾಂಕಿನ ಎನ್‌ಓಸಿ ಸಿಕ್ಕಿದೆ ಅಂತ ಫೋಟೋ ಕಳಿಸಿದ್ದಾರೆ. ಅರ್ಜಿ ಹಾಕಿ ಹೆಸರು ತೆಗೆಸಿದ ಮೇಲೆ ಫೋನ್ ಮಾಡ್ತಾರಂತೆ. ಅವತ್ತೇ ಹೋಗಿ ಹೆಸರು ಬದಲಾವಣೆಗೂ ಹಾಕಿಬಿಡ್ತೀನಿ.

ಅಕ್ಕ: ನಂಬರ್ ದುರ್ಗದ್ದೇ ಇರುತ್ತಾ?

ನಾನು: ಹೌದು ಅಕ್ಕ, ರಾಜ್ಯದ ಒಳಗೆ ನಂಬರ್ ಬದಲಾಗೋದಿಲ್ಲ. ಕೆಎ 16 ಹಾಗೇ ಇರುತ್ತೆ.

ಅಮ್ಮನ ವಾಯ್ಸ್: "ಇರಲಿ ಬಿಡು, ದುರ್ಗ ಏನು ಬೇರೆ ದೇಶನಾ? ಮನೆಗೆ ಬರೋ ಮುಂಚೆ ದುಗ್ಗಮ್ಮನ ಗುಡಿ ಮುಂದೆ ನಿಲ್ಲಿಸು. ನಿಂಬೆಹಣ್ಣು ನಾನೇ ತರ್ತೀನಿ. ಆಮೇಲೆ ಮೊದಲು ಆ ಟಯರ್ ಬದಲಾಯಿಸು."

ಹರಿಹರ ಚಿಕ್ಕಪ್ಪ: ಯಾವತ್ತು ಹೋಗ್ತೀಯ ಅಂತ ಹಿಂದಿನ ದಿನವೇ ಹೇಳು. ನಾನೂ ಬರ್ತೀನಿ. 29, 30 ಎರಡರಲ್ಲೂ ನನ್ನ ಕಣ್ಣೆದುರೇ ತಾರೀಖು ಬರೆಯಬೇಕು.