ಅವ್ವನ ದವಾಖಾನಿ ರೆಕಾರ್ಡ್ ರಿಸರ್ಚಿಗೆ ಕೊಡಬೇಕೋ ಬ್ಯಾಡೋ? ಮರವಿನ ಜಡ್ಡಿನ ಬಗ್ಗೆ ತಿಳದವ್ರು ಹೇಳ್ರಿ

ಬೆಟಗೇರಿ ಮಗಳು:

ಎಲ್ಲಾರಿಗೂ ನಮಸ್ಕಾರ್ರಿ. ನಾನು ಇರೋದು ಹುಬ್ಬಳ್ಳಿ ವಿದ್ಯಾನಗರದಾಗ, ತವರುಮನಿ ಗದಗ-ಬೆಟಗೇರಿ. ನಮ್ಮ ಅವ್ವಗ ಈಗ 71 ಅಂತ ನಾವು ಹಿಡದೀವಿ. ಎರಡು ವರ್ಷದಿಂದ ನೆನಪು ಹಾರಾಕತ್ತೈತಿ, ಮೊದಲ ಒಲಿ ಮ್ಯಾಲಿನ ಹಾಲು ಮರೀತಿದ್ಲು, ಈಗ ಓಣ್ಯಾಗ ಹೊಂಟ್ರ ತಿರುಗಿ ಬರೂ ಮುಂದ ಮನಿ ಗುರುತು ಸಿಗವಲ್ದು. ಅರವತ್ತಕ್ಕ ಅರಳು ಮರಳು ಅಂತ ನಾವೂ ಸುಮ್ಮನ ಇದ್ವಿ, ಅದು ತಪ್ಪಾತು ಅಂತ ಈಗ ಅನಸ್ತೈತಿ. ಹೋದ ತಿಂಗಳ ದವಾಖಾನಿಗೆ ಕರ್ಕೊಂಡು ಹೋದ್ವಿ, ಡಿಮೆನ್ಶಿಯಾ ಅಂದ್ರು. ಡಾಕ್ಟರು ಕೇಳಿದ್ದೆಲ್ಲಾ ಹಳೇದು, ಬಿಪಿ ಯಾವಾಗಿಂದ ಐತಿ, ಸಕ್ರಿ ಯಾವಾಗಿಂದ, ತಲಿಗೆ ಪೆಟ್ಟು ಬಿದ್ದಿತ್ತೇನು, ಸಣ್ಣದಾಗಿ ಲಕ್ವಾ ಹೊಡದಿತ್ತೇನು. ನಾನು ಅರಬಿ ಅಂಗಡಿ ಚೀಲದಾಗ ಇಪ್ಪತ್ತು ವರ್ಷದ ಚೀಟಿ ತುಂಬ್ಕೊಂಡು ಹೋಗಿದ್ದೆ, ಅದರಾಗ ಇಸಿಜಿ ಕಾಗದ ಪೂರಾ ಬೆಳ್ಳಗಾಗಿ ಹೋಗಿದ್ವು, ಒಂದ ಒಂದು ಗೀಟು ಕಾಣಲಿಲ್ಲ.

ಈಗ ವಿಷಯ ಏನಂದ್ರ, ಹೊರಗ ಬರೂ ಮುಂದ ಒಂದು ಫಾರ್ಮ್ ಕೊಟ್ರು. ಕಂಪ್ಯೂಟರ್‌ನ್ಯಾಗಿನ ಅವ್ವನ ರೆಕಾರ್ಡ್ ಹೆಸರು ತಗದು ಮೆದುಳಿನ ಜಡ್ಡಿನ ರಿಸರ್ಚಿಗೆ ಬಳಸ್ತೀವಿ, ಒಪ್ಪಿಗಿ ಇದ್ರ ಸಹಿ ಮಾಡ್ರಿ ಅಂತ. ನಮ್ಮ ಅಣ್ಣ ಬಿಲ್ಕುಲ್ ಬ್ಯಾಡ ಅಂತಾನ. ಅಂವಗ ಎರಡು ಹೆಣ್ಣು ಮಕ್ಕಳು, ತಲಿ ಜಡ್ಡಿನ ಮನಿತನ ಅಂತ ಸುದ್ದಿ ಆದ್ರ ಸಂಬಂಧ ಕೂಡಂಗಿಲ್ಲ ಅಂತ ಅವನ ಹೆದರಿಕಿ, ಅದನ್ನ ನಾನು ಸಣ್ಣದು ಅನ್ನಂಗಿಲ್ಲ. ಆದ್ರ ನಂಗ ಕೇಳೂದು ಇಷ್ಟ, ಹಿಂಗ ಚೀಟಿ-ಕಂಪ್ಯೂಟರ್ ನೋಡಿ ಇಪ್ಪತ್ತು ವರ್ಷದ ಮ್ಯಾಲೆ ಬರೂ ಜಡ್ಡಿನ ಬಗ್ಗೆ ಖರೇನ ಏನರ ಗೊತ್ತಾಗ್ತೈತೇನ್ರಿ? ಗೊತ್ತಾಗ್ತಿದ್ರ ನಾನು ಸಹಿ ಮಾಡಾಕ ತಯಾರ್ ಅದೀನಿ, ನನ್ನ ಮಗಳ ಕಾಲಕ್ಕರ ಉಪಯೋಗ ಆಗ್ಲಿ ಅಂತ.

ಸಪ್ತಾಪುರ ಡಾಕ್ಟರ್:

ಅಕ್ಕಾರ, ನಾನು ಧಾರವಾಡದಾಗ ಕಮ್ಯುನಿಟಿ ಮೆಡಿಸಿನ್ ಮಾಡಾಕತ್ತೀನಿ, ನನಗ ತಿಳದಷ್ಟು ಹೇಳ್ತೀನಿ. ಗೊತ್ತಾಗ್ತದ್ರಿ, ಭಾಳ ಗೊತ್ತಾಗ್ತದ. ಮೆದುಳಿನ ಜಡ್ಡು ಇವತ್ತ ಶುರು ಆಗಿ ನಾಳೆ ಕಾಣೂ ಅಂಥದ್ದಲ್ಲ, ಹದಿನೈದು ಇಪ್ಪತ್ತು ವರ್ಷ ಒಳಗ ನಡದಿರ್ತದ. ಅಷ್ಟು ವರ್ಷ ಸಾವಿರಗಟ್ಟಲೆ ಮಂದಿ ಹಿಂದ ಬಿದ್ದು ಕೇಳ್ಕೋತ ಹೋಗೂದು ಭಾಳ ಖರ್ಚಿನ ಕೆಲಸ. ನಮ್ಮ ರಾಜ್ಯದಾಗ ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳೊಳಗ ಬೆಂಗಳೂರಿನ ಐಐಎಸ್‌ಸಿ ಕ್ಯಾಂಪಸ್‌ನ ಮೆದುಳು ಸಂಶೋಧನಾ ಕೇಂದ್ರದವ್ರು 45 ದಾಟಿದವ್ರನ್ನ ಹಂಗ ವರ್ಷಗಟ್ಟಲೆ ನೋಡ್ಕೋತ ಹೊಂಟಾರ. ಆದ್ರ ಎಲ್ಲಾ ಕಡೆ ಹಂಗ ಮಾಡಾಕ ಆಗಂಗಿಲ್ಲ. ರೆಕಾರ್ಡ್ ಇದ್ರ ಆ ಇಪ್ಪತ್ತು ವರ್ಷ ಆಗಲೇ ಬರದಿಟ್ಟಂಗ ಇರ್ತದ, ಹಿಂದಕ್ಕ ಹೋಗಿ ಓದೂದ ಕೆಲಸ.

ಒಂದು ಉದಾಹರಣಿ ಹೇಳ್ತೀನಿ, ಇದು ನನಗ ಭಾಳ ಮನಸ್ಸಿಗೆ ಹಿಡಿಸಿದ್ದು. ಬ್ರಿಟನ್ನಿನ ವೇಲ್ಸ್‌ನ್ಯಾಗ 2013ರ ಸೆಪ್ಟೆಂಬರ್ 1ಕ್ಕ ಮುದುಕರಿಗೆ ಸರ್ಪಸುತ್ತಿನ ಲಸಿಕೆ ಚಾಲೂ ಮಾಡಿದ್ರು. ನಿಯಮ ಏನಿತ್ತಂದ್ರ 1933ರ ಸೆಪ್ಟೆಂಬರ್ 2 ಮತ್ತ ಆಮ್ಯಾಲೆ ಹುಟ್ಟಿದವ್ರಿಗೆ ಲಸಿಕೆ, ಅದಕ್ಕಿಂತ ಒಂದು ದಿನ ಮೊದಲ ಹುಟ್ಟಿದ್ರೂ ಇಲ್ಲ. ಈಗ ನೋಡ್ರಿ, ಒಂದು ವಾರ ಹಿಂದ ಮುಂದ ಹುಟ್ಟಿದವ್ರೊಳಗ ಏನು ಫರಕ್ ಇರ್ತದ? ಊಟ, ರೊಕ್ಕ, ಸಾಲಿ, ಬಿಪಿ ಎಲ್ಲಾ ಹೆಚ್ಚುಕಡಿಮಿ ಒಂದ. ಫರಕ್ ಲಸಿಕೆದಷ್ಟ. ಸುಮಾರು 2.8 ಲಕ್ಷ ಮಂದಿ ದವಾಖಾನಿ ರೆಕಾರ್ಡ್ ತಗದು ಏಳು ವರ್ಷದ್ದು ನೋಡಿದ್ರ ಲಸಿಕೆ ತಗೊಂಡವ್ರಾಗ ಡಿಮೆನ್ಶಿಯಾ ಸುಮಾರು 20% ಕಡಿಮಿ, ಹೆಣ್ಣುಮಕ್ಕಳೊಳಗ ಆ ಲಾಭ ಇನ್ನೂ ಎದ್ದು ಕಂಡಿತು. 2025ರಾಗ ನೇಚರ್ ಪತ್ರಿಕೆಯೊಳಗ ಬಂತು. ಆ ಮಂದಿಯನ್ನ ಯಾರೂ ಕರದು ಕೂಡಿಸಿ ಪ್ರಯೋಗ ಮಾಡಿದ್ದಲ್ಲ, ರೆಕಾರ್ಡ್ ಇತ್ತು, ಅದಕ್ಕ ಗೊತ್ತಾತು. ನಾಳೆನ ಎಲ್ಲಾರೂ ಮರವು ಬರಬಾರದಂತ ಸರ್ಪಸುತ್ತಿನ ಲಸಿಕೆ ಹಾಕ್ಸ್ಕೋರಿ ಅಂತ ನಾ ಹೇಳಾಕತ್ತಿಲ್ಲ, ಅದು ನಿಮ್ಮ ಡಾಕ್ಟರ್ ಕೂಡ ಮಾತಾಡೂ ವಿಷಯ. ಇಷ್ಟು ಸಾದಾ ಲೆಕ್ಕದಿಂದ ಇಷ್ಟು ದೊಡ್ಡ ಸುಳುವು ಸಿಕ್ತಲ್ಲ, ಅದನ್ನ ಹೇಳಾಕತ್ತೀನಿ.

ರೆಕಾರ್ಡ್ ರೂಮ್:

ಡಾಕ್ಟರ್ ಸಾಹೇಬ್ರ ಹೇಳಿದ್ದು ಖರೆ ಆದ್ರ ಒಂದು ಮಾತು. ನಾನು ಹುಬ್ಬಳ್ಳಿ ಕಡೆ ಒಂದು ದವಾಖಾನಿಯೊಳಗ ರೆಕಾರ್ಡ್ ಸೆಕ್ಷನ್‌ನ್ಯಾಗ 19 ವರ್ಷ ಕೆಲಸ ಮಾಡೇನಿ. ಆ ವೇಲ್ಸ್ ಲೆಕ್ಕ ನಮ್ಮಲ್ಲಿ ಹಾಕಾಕ ಹೋದ್ರ ಮೊದಲನೇ ಮೆಟ್ಟಲಿಗೇ ಮುಗ್ಗರಸ್ತೈತಿ. ಯಾಕಂದ್ರ ನಮ್ಮ ಹಿರಿಯಾರಿಗೆ ಹುಟ್ಟಿದ ತಾರೀಖು ಎಲ್ಲೈತ್ರಿ. ಸಾಲಿಗೆ ಹೋದವ್ರದು ಎಲ್ಲಾರ್ದೂ ಜೂನ್ 1, ಮಾಸ್ತರು ಬರದಿದ್ದು. ಹೋಗಲಾರದವ್ರು ಕಾರಹುಣ್ಣಿಮಿ ಹಿಂದ ಮುಂದ ಹುಟ್ಟೀನಿ ಅಂತಾರ, ಬರಗಾಲದ ಮರುವರ್ಷ ಅಂತಾರ, ಕೌಂಟರ್‌ನ್ಯಾಗ ಕುಂತ ಹುಡುಗ ಮಕಾ ನೋಡಿ 65 ಅಂತ ಹೊಡಿತಾನ. ಮುಂದಿನ ವರ್ಷ ಬಂದಾಗ್ಲೂ 65, ಇನ್ನೊಬ್ಬ ಕುಂತಿದ್ರ 70. ಒಂದು ದಿನದ ಫರಕ್ ಮ್ಯಾಲೆ ನಿಂತ ಲೆಕ್ಕ ಐದು ವರ್ಷ ಅಲಗಾಡೂ ವಯಸ್ಸಿನ ಮ್ಯಾಲೆ ಹೆಂಗ ನಿಲ್ಲಬೇಕು.

ಆಮ್ಯಾಲೆ ಹೆಸರು. ಆಧಾರ್‌ದಾಗ ನೀಲಮ್ಮ, ನಮ್ಮಲ್ಲಿ ನೀಲವ್ವ, ಮಗನ ಇನ್ಶೂರೆನ್ಸ್ ಕಾರ್ಡ್‌ನ್ಯಾಗ ನೀಲಾಬಾಯಿ, ಅಡ್ಡಹೆಸರು ಒಮ್ಮೆ ಅಂಗಡಿ, ಒಮ್ಮೆ ಗಂಡನ ಹೆಸರು. ಮೂರೂ ಒಬ್ಬಾಕಿನ, ಕಂಪ್ಯೂಟರ್‌ಗೆ ಮೂರು ಮಂದಿ. 2010ರಾಗ ಬಿಪಿ ಬಂದಾಕಿ ಒಬ್ಬಾಕಿ, 2023ರಾಗ ನೆನಪು ಹಾರಿದಾಕಿ ಇನ್ನೊಬ್ಬಾಕಿ ಅಂತ ಆಗಿಬಿಟ್ರ ಬಿಪಿಗೂ ಮರವಿಗೂ ನಂಟು ಐತಿ ಅಂತ ಯಾವಾಗ ಗೊತ್ತಾಗೂದು? ಡೆನ್ಮಾರ್ಕ್ ದೇಶದಾಗ 1968ರಿಂದ ಹುಟ್ಟಿದ ಕೂಸಿಗೆ ಒಂದ ನಂಬರ, ಅದ ನಂಬರ ಸಾಯೂ ತನಕ, ಅದಕ್ಕ ಅಲ್ಲಿಂದ ಇಂಥಾ ಅಭ್ಯಾಸ ಅಷ್ಟು ಬರ್ತಾವು. ನಮ್ಮಲ್ಲೂ ಆಭಾ ಅಂತ 14 ಅಂಕಿ ಆರೋಗ್ಯ ನಂಬರ 2021ರಿಂದ ದೇಶದ ತುಂಬ ಚಾಲೂ ಆಗೈತಿ, ಆದ್ರ ಕೌಂಟರ್‌ನ್ಯಾಗ ಆ ನಂಬರ ಹೇಳೂ ಮುದುಕರು ನನಗ ಕೈಬೆರಳ ಮ್ಯಾಲೆ ಎಣಿಸೂ ಅಷ್ಟು ಮಂದಿ ಸಿಕ್ಕಾರ.

ಇನ್ನೊಂದು, ಇದು ಹೇಳಾಕ ಸಂಕಟ ಆಗ್ತೈತಿ. ಕಂಪ್ಯೂಟರ್‌ನ್ಯಾಗ ಜಡ್ಡಿಗೆ ಕೋಡ್ ಹಾಕ್ತೀವಿ, ಜಿ 30 ಅಂದ್ರ ಅಲ್ಝೈಮರ್ ಅನ್ನೂ ಮರವಿನ ಜಡ್ಡು, ಜಿ 20 ಅಂದ್ರ ಕೈಕಾಲು ನಡಗೂ ಪಾರ್ಕಿನ್ಸನ್, ಐ 63 ಅಂದ್ರ ಮೆದುಳಿಗೆ ರಕ್ತ ನಿಂತು ಹೊಡಿಯೂ ಲಕ್ವಾ. ಡಿಸ್ಚಾರ್ಜ್ ಚೀಟಿಯೊಳಗ ಏನು ಬರದಿರ್ತಾರೋ ಅದಕ್ಕಷ್ಟ ಕೋಡ್. ಮರವಿನಿಂದ ರಾತ್ರಿ ಎದ್ದು ಬಚ್ಚಲದಾಗ ಬಿದ್ದು ಚಪ್ಪಿ ಮುರಕೊಂಡು ಬಂದ ಮುದುಕ ನಮ್ಮಲ್ಲಿ ಬರೇ ಚಪ್ಪಿ ಮುರದ ಪೇಷಂಟ್. ಮನಿಯವ್ರು ಅರಳು ಮರಳು ಅಂತಾರ, ಡಾಕ್ಟರಿಗೆ ಹೇಳಂಗಿಲ್ಲ, ಡಾಕ್ಟರ್ ಬರಿಯಂಗಿಲ್ಲ, ನಾವು ಕೋಡ್ ಹಾಕಂಗಿಲ್ಲ. ರಿಸರ್ಚ್ ಮಾಡವ್ರ ಕಣ್ಣಿಗೆ ಆ ಮನಿಷ್ಯಾಗ ಮರವೇ ಇಲ್ಲ.

ಸಪ್ತಾಪುರ ಡಾಕ್ಟರ್:

ಅಣ್ಣಾರ, ನೀವು ಹೇಳಿದ್ದು ನೂರಕ್ಕ ನೂರು. ಅದಕ್ಕ ನಮ್ಮ ದೇಶದ ಲೆಕ್ಕ ಬಂದಿದ್ದು ದವಾಖಾನಿಯಿಂದ ಅಲ್ಲ, ಮನಿಮನಿಗೆ ಹೋಗಿ 60 ದಾಟಿದವ್ರನ್ನ ಕೂಡಿಸಿ ಪರೀಕ್ಷಾ ಮಾಡಿದ ಲಾಸಿ-ಡ್ಯಾಡ್ ಅನ್ನೂ ಅಭ್ಯಾಸದಿಂದ. ಅದರ ಪ್ರಕಾರ 60 ದಾಟಿದವ್ರಾಗ 7.4% ಮಂದಿಗೆ ಡಿಮೆನ್ಶಿಯಾ, ಅಂದ್ರ 88 ಲಕ್ಷದಷ್ಟು ಜನ. ಇವ್ರೆಲ್ಲಾ ದವಾಖಾನಿ ಕಂಪ್ಯೂಟರ್‌ನ್ಯಾಗ ಅದಾರಂತ ತಿಳೀಬ್ಯಾಡ್ರಿ.

ಹಾನಗಲ್ ರೈತ:

ಒಂದು ನಡುವ ಕೇಳ್ತೀನ್ರಿ, ಹಾವೇರಿ ಕಡೆ ವಾಟ್ಸಾಪ್‌ನ್ಯಾಗ ಆಸಿಡಿಟಿ ಗುಳಗಿ ತಗೊಂಡ್ರ ಡಿಮೆನ್ಶಿಯಾ ಬರ್ತೈತಿ ಅಂತ ಬಂದಿತ್ತು, ಅದೂ ದವಾಖಾನಿ ರೆಕಾರ್ಡ್ ನೋಡಿ ಹೇಳಿದ್ದಂತ. ನಮ್ಮಪ್ಪ ಡಾಕ್ಟರನ್ನ ಕೇಳದ ಗುಳಗಿ ಬಿಟ್ಟ, ಹೊಟ್ಟಿ ಉರಿ ತಾಳಲಾರದ ಮೂರು ದಿನ ಊಟ ಇಲ್ಲ. ಅದು ಖರೆ ಏನು?

ಸಪ್ತಾಪುರ ಡಾಕ್ಟರ್:

ಇದು ಛಲೋ ಕೇಳಿದ್ರಿ. 2016ರಾಗ ಜರ್ಮನಿಯೊಳಗ ವಿಮಾ ಕಂಪನಿ ರೆಕಾರ್ಡ್ ನೋಡಿ, 75 ದಾಟಿದ ಸುಮಾರು 74 ಸಾವಿರ ಮಂದಿಯೊಳಗ, ಆ ಗುಳಗಿ ದಿನಾ ತಗೊಳ್ಳೋರಿಗೆ ಡಿಮೆನ್ಶಿಯಾ ಜಾಸ್ತಿ ಅಂತ ಬರದ್ರು. ಆದ್ರ ದಿನಾ ಗುಳಗಿ ತಗೊಳ್ಳೋರು ಯಾರು? ಮೊದಲ ಹತ್ತು ಜಡ್ಡು ಇದ್ದವ್ರು, ದವಾಖಾನಿಗೆ ಪದೇ ಪದೇ ಹೋಗೋರು. ಹೆಚ್ಚು ಸಲ ಡಾಕ್ಟರ್ ಮುಂದ ಕುಂತವ್ರ ಮರವು ಹೆಚ್ಚು ಸಲ ಡಾಕ್ಟರ್ ಕಣ್ಣಿಗೆ ಬೀಳ್ತದ, ಅದಕ್ಕ ಗುಳಗಿ ಏನು ಮಾಡ್ತದ? ಆಮ್ಯಾಲೆ 17 ಸಾವಿರಕ್ಕಿಂತ ಹೆಚ್ಚು ಮಂದಿಗೆ ಚೀಟಿ ಎತ್ತಿದಂಗ ಅರ್ಧ ಮಂದಿಗೆ ಪ್ಯಾಂಟೊಪ್ರಝೋಲ್ ಅನ್ನೂ ಅದ ಜಾತಿ ಆಸಿಡಿಟಿ ಗುಳಗಿ, ಅರ್ಧ ಮಂದಿಗೆ ಬರೇ ತೋರಿಕಿ ಗುಳಗಿ ಕೊಟ್ಟು ಮೂರು ವರ್ಷ ನೋಡಿದ್ರು, ಡಿಮೆನ್ಶಿಯಾದಾಗ ಫರಕ್ ಕಾಣಲಿಲ್ಲ. ನಿಮ್ಮ ಅಪ್ಪಾರಿಗೆ ಡಾಕ್ಟರ್ ಕೊಟ್ಟಿದ್ದನ್ನ ಡಾಕ್ಟರನ್ನ ಕೇಳೇ ಬಿಡಸ್ರಿ.

ಇದರ ತಮ್ಮ ಇನ್ನೊಂದು ತಪ್ಪು ಐತಿ. ಪಾರ್ಕಿನ್ಸನ್ ಬಂದವ್ರ ಹಳೇ ರೆಕಾರ್ಡ್ ತಗದ್ರ ಹತ್ತು ವರ್ಷದ ಹಿಂದಿಂದನ ಮಲಬದ್ಧತೆಗೆ ಔಷಧ ತಗೊಂಡಿದ್ದು ಕಾಣ್ತದ. ಮಲಬದ್ಧತೆಯಿಂದ ಪಾರ್ಕಿನ್ಸನ್ ಬಂತು ಅಂತ ಬರದ್ರ ತಪ್ಪು, ಜಡ್ಡು ಆಗಲೇ ಒಳಗ ಹೊಕ್ಕಿರ್ತದ, ಮಲಬದ್ಧತೆ ಅದರ ಮೊದಲನೇ ಸುಳುವು. ರೆಕಾರ್ಡ್‌ನ್ಯಾಗ ಯಾವುದು ಮೊದಲ ಬರದೈತಿ ಅನ್ನೂದು ಯಾವುದು ಮೊದಲ ಆತು ಅನ್ನೂದಕ್ಕ ಸಾಕ್ಷಿ ಅಲ್ಲ.

ಬೆಟಗೇರಿ ಅಕ್ಕಾರ ಕೇಳಿದ ಸಹಿ ವಿಷಯಕ್ಕ ಬರ್ತೀನಿ. ಸಹಿ ಮಾಡೂ ಮೊದಲ ಕೇಳ್ರಿ, ರಿಸರ್ಚ್ ಸರಿ ರೀತಿ ನಡೀತೈತೇನು ಅಂತ ನೋಡೂ ಎಥಿಕ್ಸ್ ಕಮಿಟಿ ಒಪ್ಪಿಗಿ ಐತೇನು, ಅದರ ಕಾಗದ ತೋರಸ್ರಿ ಅಂತ. ಹೆಸರಷ್ಟ ತಗೀತೀರೋ, ಊರು ಓಣಿನೂ ತಗೀತೀರೋ. ಯಾಕಂದ್ರ ಸಣ್ಣ ಊರಾಗ ವಯಸ್ಸು, ಓಣಿ, ಜಡ್ಡು ಮೂರು ಗೊತ್ತಾದ್ರ ಹೆಸರು ಬ್ಯಾಡ, ಮಂದಿ ತಾವ ಹೇಳ್ತಾರ. ನಿಮ್ಮ ಅಣ್ಣಾರ ಹೆದರಿಕಿಗೆ ಉತ್ತರ ಅಲ್ಲೇ ಐತಿ, ಅದನ್ನ ಅವ್ರ ಮುಂದ ಕೇಳ್ರಿ. ಮುಂದ ಬ್ಯಾಡ ಅನ್ನಿಸಿದ್ರ ಹಿಂದ ತಗೋಬಹುದೇನು, ಆಗ ಅವ್ವನ ಚಿಕಿತ್ಸಾಕ್ಕ ಏನೂ ತೊಂದ್ರಿ ಆಗಂಗಿಲ್ಲ ಅಂತ ಬರದಾರೇನು ನೋಡ್ರಿ. ಅವ್ವಗ ಇನ್ನೂ ತಿಳೀತಿದ್ರ ಅವ್ರನ್ನೂ ಕೇಳ್ರಿ, ರೆಕಾರ್ಡ್ ಅವ್ರದು.

ರೆಕಾರ್ಡ್ ರೂಮ್:

ತಂಗಿ, ಇನ್ನೊಂದು ಕೆಲಸ ಮಾಡು. ಅವ್ವನ ಕೇಸ್ ಪೇಪರ್‌ದಾಗ ಉದ್ಯೋಗ ಅಂತ ಒಂದು ಖಾನೆ ಇರ್ತೈತಿ, ಅಲ್ಲಿ ಏನು ಬರದಾರ ನೋಡು. ಹೆಣ್ಣುಮಕ್ಕಳಿಗೆ ಎಲ್ಲಾರಿಗೂ ಮನಿಗೆಲಸ ಅಂತ ಹೊಡದಿರ್ತೀವಿ, ನಾನೂ ಸಾವಿರ ಸಲ ಹೊಡದೇನಿ. ಅದು ತಪ್ಪಿತ್ತು.

ಬೆಟಗೇರಿ ಮಗಳು:

ಅಣ್ಣಾ, ಈಗ ತಗದು ನೋಡಿದೆ, ಹಂಗ ಐತಿ, ಮನಿಗೆಲಸ. ನಮ್ಮ ಅವ್ವ ಬೆಟಗೇರಿಯೊಳಗ ಮೊದಲ ಕೈಮಗ್ಗ, ಆಮ್ಯಾಲೆ ಮೂವತ್ತು ವರ್ಷದ ಮ್ಯಾಲೆ ಪವರ್‌ಲೂಮ್ ನಡೆಸ್ಯಾಳ. ಆ ಸಪ್ಪಳದಾಗ ಒಬ್ಬರ ಮಾತು ಒಬ್ಬರಿಗೆ ಕೇಳ್ತಿರಲಿಲ್ಲ, ಕೈಸನ್ನಿ ಮಾಡಿ ಮಾತಾಡ್ತಿದ್ರು. ಅಕಿಗೆ ಕಿವಿ ಮಂದ ಆಗಿ ಹದಿನೈದು ವರ್ಷ ಆತು, ಅದೂ ಯಾವ ಚೀಟಿಯೊಳಗೂ ಇಲ್ಲ, ನಾವೇ ಹೇಳಿಲ್ಲ, ವಯಸ್ಸಾತು ಅಂತ ಬಿಟ್ವಿ. ಕಿವಿ ಮಂದ ಆಗೂದಕ್ಕೂ ಮರವಿಗೂ ಏನರ ಸಂಬಂಧ ಐತೇನ್ರಿ ಡಾಕ್ಟರ?

ಸಪ್ತಾಪುರ ಡಾಕ್ಟರ್:

ಐತ್ರಿ ಅಕ್ಕಾರ. 2024ರಾಗ ಲ್ಯಾನ್ಸೆಟ್ ಅನ್ನೂ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗದವ್ರು ಡಿಮೆನ್ಶಿಯಾಕ್ಕ ತಡೀಬಹುದಾದ 14 ಕಾರಣ ಹೇಳ್ಯಾರ, ಅದರಾಗ ಕಿವಿ ಮಂದ ಆಗೂದು ದೊಡ್ಡದು, ಬಿಪಿ, ಸಕ್ರಿ, ಕಣ್ಣು ಮಂದ ಆಗೂದು, ಒಬ್ಬರ ಕುಂತು ಕಾಲ ಕಳಿಯೂದು, ಹೊಗಿ ಗಾಳಿ ಎಲ್ಲಾ ಅದಾವು. ಎಲ್ಲಾ ಕೂಡಿ ಸುಮಾರು 45% ಡಿಮೆನ್ಶಿಯಾ ತಡೀಬಹುದು ಇಲ್ಲಾ ಮುಂದಕ್ಕ ಹಾಕಬಹುದು ಅಂತ ಅವ್ರ ಅಂದಾಜು. ಈಗಲೂ ಕಿವಿ ಪರೀಕ್ಷಾ ಮಾಡಸ್ರಿ, ಮಶಿನ್ ಹಾಕಿದ್ರ ಮರವು ಹೋಗ್ತದ ಅಂತಲ್ಲ, ಆದ್ರ ಮಾತು ಕೇಳಿಸಿದ್ರ ಅವ್ರಿಗೆ ಮನ್ಯಾಗ ಎಲ್ಲಾರ ಜೊತಿ ಇರಾಕ ಆಗ್ತದ. ಮಗ್ಗದ ವಿಷಯ, ಕಿವಿ ವಿಷಯ ಎರಡೂ ಈ ಸಲ ಬರೆಸ್ರಿ. ಬೆಟಗೇರಿಯೊಳಗ, ಗದಗಿನ್ಯಾಗ ಎಷ್ಟು ಮಂದಿ ಅವ್ವಗೋಳು ಹಂಗ ಮಗ್ಗದ ಮುಂದ ಕುಂತಾರ, ಎಲ್ಲಾರೂ ರೆಕಾರ್ಡ್‌ದಾಗ ಮನಿಗೆಲಸ ಅಂತ ಇದ್ರ ಆ ಪ್ರಶ್ನಿ ಯಾರ ತಲ್ಯಾಗೂ ಬರಂಗಿಲ್ಲ.

ಬೆಟಗೇರಿ ಮಗಳು:

ನಿನ್ನೆ ರಾತ್ರಿ ಅಣ್ಣಗ ಇದನ್ನೆಲ್ಲಾ ಓದಿ ಹೇಳಿದೆ. ಓಣಿ ಹೆಸರು ತಗೀತಾರಂದ್ರ ವಿಚಾರ ಮಾಡೂಣು ಅಂದಾನ, ಸೋಮವಾರ ಅಂವನೂ ಕೂಡ ಬರ್ತಾನ. ಆಮ್ಯಾಲೆ ಅವ್ವನ ಕಿವ್ಯಾಗ ಜೋರಾಗಿ ಕೇಳಿದೆ, ಅವ್ವಾ ನೀ ಎಷ್ಟು ವಯಸ್ಸಿಗೆ ಮಗ್ಗಕ್ಕ ಕುಂತಿ ಅಂತ. ಮುಂಜಾನೆ ಚಾ ಕುಡದಿದ್ದು ನೆನಪಿಲ್ಲದಾಕಿ, ಹದಿಮೂರು ವರ್ಷದಾಕಿ ಇದ್ದೆ, ನಿಮ್ಮ ಅಜ್ಜ ಹಸರ ಅಂಚಿನ ಸೀರಿ ಮಗ್ಗಕ್ಕ ಏರಿಸಿ ಕೊಟ್ಟಿದ್ದ ಅಂದ್ಲು. ಫಾರ್ಮಿನ ಹಿಂದ ಪೆನ್ಸಿಲ್‌ಲೇ ಬರ್ಕೊಂಡೀನಿ, ಡಾಕ್ಟರಿಗೆ ಅದನ್ನ ತೋರಸ್ತೀನಿ.